ಹುಲಗೂರಿನ ಪಾಳಿ

ಶಿಗ್ಗಾವಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಧೀರೇಂದ್ರ ಮಂಡಕ್ಕಿ ಒಗ್ಗರಣೆಯ ಮೇಲೆ ಮಿರ್ಚಿ ಮುರಿದು ಹಾಕಿಕೊಳ್ಳುತ್ತಿದ್ದಾಗ ಡಿಪೋದ ಪ್ರಶಾಂತನ ಫೋನು ಬಂತು. ಪ್ರಶಾಂತ ಬಸ್ಸುಗಳ ವೇಳಾಪಟ್ಟಿ ನೋಡಿಕೊಳ್ಳುವ ಅಧಿಕಾರಿ. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯ ಸುದ್ದಿಯನ್ನೂ ತಪ್ಪು ಮಾಡಿದವನ ದನಿಯಲ್ಲೇ ಹೇಳುವ ಚಟ ಅವನಿಗೆ. “ಸರ, ಒಂದು ಗಾಡಿ ಖಾಲಿ ಆಗೇತ್ರಿ. ಸೋಮವಾರದಿಂದ ಹುಲಗೂರಿಗೆ ಸಂಜಿ ಟ್ರಿಪ್ ಬಿಡಬಹುದ್ರಿ. ಒಪ್ಪಂದದಾಗ ನಿಮ್ಮನ್ನ ಕೇಳಿ ಬಿಡಬೇಕಂತ ಐತಲ್ರಿ, ಅದಕ್ಕ ಫೋನ್ ಮಾಡಿದೆ. ನೀವು ಹೂಂ ಅಂದ್ರ ಬಿಡ್ತೇನಿ, ಇಲ್ಲಂದ್ರ ಬ್ಯಾರೆ ರೂಟಿಗೆ ಹಾಕ್ತೇನಿ.” ಧೀರೇಂದ್ರ ಬಾಯಲ್ಲಿದ್ದುದನ್ನು ನುಂಗಿ, “ಸಂಜಿಗೆ ಹೇಳ್ತೀನ್ರಿ” ಎಂದ. ಹೂಂ ಎನ್ನುವುದಕ್ಕೆ ಅರ್ಧ ಉಸಿರು ಸಾಕಿತ್ತು. ಆ ಅರ್ಧ ಉಸಿರನ್ನು ಸಂಜೆಯವರೆಗೆ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಬೇಕಲ್ಲ ಎಂದು ಆಗಲೇ ಬೇಸರವಾಯಿತು. ಮಿರ್ಚಿ ಆರಿಹೋಗಿತ್ತು, ತಿನ್ನದೆ ಎದ್ದ.

ಅವನು ಧಾರವಾಡದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅರ್ಥಶಾಸ್ತ್ರಜ್ಞ. ಸರಕಾರ ಜನರಿಗೆ ಏನನ್ನೋ ಕೊಟ್ಟಾಗ ಅದರಿಂದ ನಿಜಕ್ಕೂ ಏನಾದರೂ ಆಯಿತೇ, ಇಲ್ಲ ಅದು ಕೊಡದಿದ್ದರೂ ಆಗುತ್ತಿತ್ತೇ ಎಂದು ಅಂಕಿ ಹಿಡಿದು ಅಳೆಯುವುದು ಅವನ ಕೆಲಸ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೀಟು ಮಾಫಿ ಆದ ಮೇಲೆ ಅವನು ಎತ್ತಿದ ಪ್ರಶ್ನೆ ಸರಳವಾಗಿತ್ತು. ಟಿಕೀಟೇನೋ ಮಾಫಿ ಆಯಿತು, ಬಸ್ಸೇ ಇಲ್ಲದ ಊರಿನ ಹುಡುಗಿಗೆ ಮಾಫಿಯಾದದ್ದಾದರೂ ಏನು? ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ, ಈ ನಾಲ್ಕು ತಾಲೂಕುಗಳಲ್ಲಿ ಕಾಲೇಜು ಬಿಡುವ ಹೊತ್ತಿಗೆ ಬಸ್ಸಿಲ್ಲದ ಊರುಗಳನ್ನು ಹುಡುಕಿ, ಚೀಟಿ ಎತ್ತಿ, ಅರ್ಧ ಊರುಗಳಿಗೆ ಸಂಜೆಯ ಬಸ್ಸು ಕೊಡಿಸಿದ, ಉಳಿದರ್ಧಕ್ಕೆ ಇಲ್ಲ. ಎರಡು ವರ್ಷದ ಮೇಲೆ ಎರಡೂ ಗುಂಪಿನ ಊರುಗಳನ್ನು ಹೋಲಿಸಿದರೆ, ಬಸ್ಸಿನಿಂದ ಎಷ್ಟು ಹುಡುಗಿಯರು ಕಾಲೇಜಿನಲ್ಲಿ ಉಳಿದರೆಂಬುದು ಯಾರ ಬಾಯಿಮಾತಿನ ಹಂಗೂ ಇಲ್ಲದೆ ತಿಳಿಯುತ್ತದೆ. ಚೀಟಿಯೇ ಯಾಕೆಂದರೆ ವಶೀಲಿ ನಡೆಯಬಾರದು, ಬಲ್ಲವರ ಊರಿಗೆ ಮೊದಲು ಹೋಗಬಾರದು. ಹತ್ತಿಮತ್ತೂರಿಗೆ ಬಂತು, ಚಿಕ್ಕೇರೂರಿಗೆ ಬಂತು, ಹುಲಗೂರಿಗೆ ಬರಲಿಲ್ಲ. ಈ ಬೇಸಿಗೆಯ ಪರೀಕ್ಷೆ ಮುಗಿದು ಕೊನೆಯ ಸುತ್ತಿನ ಸಮೀಕ್ಷೆ ಆಗುವವರೆಗೆ ಚೀಟಿ ಬಾರದ ಊರುಗಳು ಇದ್ದ ಹಾಗೇ ಇರಬೇಕು, ನಡುವೆ ಬಸ್ಸು ಬಂದ ಊರನ್ನು ಲೆಕ್ಕದಿಂದ ತೆಗೆಯಬೇಕಾಗುತ್ತದೆ. ಆ ಊರುಗಳಲ್ಲೆಲ್ಲ ಹುಲಗೂರೇ ದೊಡ್ಡದು.

ನಿನ್ನೆ ಹುಲಗೂರನ್ನು ಬಿಟ್ಟು ಲೆಕ್ಕ ಹಾಕಿ ನೋಡಿದ್ದ. ಯಾಕೆ ನೋಡಿದನೋ, ಕೆಟ್ಟ ಕುತೂಹಲ. ಎರಡು ಗುಂಪಿನ ನಡುವಿನ ವ್ಯತ್ಯಾಸ ಕಾಕತಾಳೀಯವಲ್ಲ ಎಂದು ಖಾತ್ರಿಯಾದರೆ ಕಂಪ್ಯೂಟರು ಆ ಅಂಕಿಯ ಪಕ್ಕ ಒಂದು ಚುಕ್ಕಿ ಇಡುತ್ತದೆ. ಹುಲಗೂರು ಇದ್ದರೆ ಚುಕ್ಕಿ ಇತ್ತು, ಹುಲಗೂರನ್ನು ತೆಗೆದರೆ ಚುಕ್ಕಿಯೂ ಹೋಯಿತು. ಚುಕ್ಕಿ ಇಲ್ಲದ ವರದಿಯನ್ನು ಬೆಂಗಳೂರಿನಲ್ಲಿ ಯಾರೂ ಎರಡನೇ ಪುಟಕ್ಕೆ ತಿರುವುವುದಿಲ್ಲ. ಚುಕ್ಕಿ ಇದ್ದರೆ ಇಂಥ ನೂರಾರು ಊರಿಗೆ ಸಂಜೆ ಬಸ್ಸು ಬರಬಹುದು. ಇದನ್ನು ಅವನು ತನಗೇ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಈಗ ಅದು ಪಂಚಾಂಗ ಓದಿದಂತೆ ಕೇಳಿಸುತ್ತಿತ್ತು. ಅದರ ಕೆಳಗೆ ಇನ್ನೊಂದು ಮಾತಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೋದ ಸುತ್ತಿನ ಅಂಕಿಗಳು ಬಂದಾಗ ಹುಲಗೂರಿನಲ್ಲಿ ಕಾಲೇಜು ಬಿಟ್ಟ ಹುಡುಗಿಯರು ಹೆಚ್ಚಾಗಿದ್ದರು, ಅದರಿಂದಲೇ ಚುಕ್ಕಿ ಮೂಡಿತ್ತು. ಆ ದಿನ ಅವನು ಕ್ಯಾಂಟೀನಿಗೆ ಹೋಗಿ ಚಹಾದ ಮೇಲೆ ಚಹಾ ಕುಡಿದು, ಮಾತೇ ಆಡದ ಪಕ್ಕದ ಕೋಣೆಯವನಿಗೂ ತರಿಸಿಕೊಟ್ಟಿದ್ದ. ಖುಷಿಯಾಗಿತ್ತು ಅವನಿಗೆ. ಹುಡುಗಿಯರು ಮನೆಯಲ್ಲಿ ಕೂತದ್ದಕ್ಕೆ ಖುಷಿಯಾಗಿತ್ತು. ಲೋಟ ಕೆಳಗಿಟ್ಟ ಮೇಲೆ ಅದು ಗೊತ್ತಾಗಿ, ಕೈತೊಳೆಯುವ ಕನ್ನಡಿಯಲ್ಲಿ ಮುಖ ನೋಡಿಕೊಳ್ಳದೆ ಹೊರಗೆ ಬಂದಿದ್ದ.

ಹಾಲವ್ವ ಕಾರಿನ ಹತ್ತಿರ ಕಾಯುತ್ತಿದ್ದಳು. ಚಿಕ್ಕೇರೂರಿನವಳು, ಇಂಥ ಸಮೀಕ್ಷೆಗಳಲ್ಲೇ ತಲೆ ನರೆಸಿಕೊಂಡವಳು, ಕೈಯಲ್ಲಿ ಪ್ರಶ್ನೆಗಳು ತುಂಬಿದ ಟ್ಯಾಬು. ಕೊನೆಯದಕ್ಕೆ ಮುಂಚಿನ ಈ ಸುತ್ತು ಇವತ್ತು ಹುಲಗೂರಿನಲ್ಲಿ. ಅವಳು ಕೇಳುವುದು, ಅವನು ಸುಮ್ಮನೆ ಜೊತೆಗೆ ಕೂತು ಕೆಲಸ ಸರಿಯಾಗಿ ನಡೆದಿದೆಯೇ ನೋಡುವುದು. “ಸರ, ನಾ ಕೇಳೂ ಮುಂದ ತಲಿ ಅಲ್ಲಾಡಿಸಬ್ಯಾಡ್ರಿ” ಎಂದಳು ಕಾರು ಹೊರಟ ಮೇಲೆ. “ಹೋದ ಸಲ ನೀವು ತಲಿ ಅಲ್ಲಾಡಿಸಿದ್ದ ನೋಡಿ ಆ ಮನಿ ಯಜಮಾನ ಹೇಳಿದ ಉತ್ತರಾನ ತಿರುಗಿಸಿಬಿಟ್ಟ.” ಡ್ರೈವರ್ ನಕ್ಕ. ಧೀರೇಂದ್ರನೂ ನಗಲು ನೋಡಿದ. ತರಬೇತಿಯಲ್ಲಿ ಈ ನಿಯಮವನ್ನು ಹೇಳಿಕೊಟ್ಟವನು ಅವನೇ. ಮನೆಯವರಿಗೆ ಯಾವ ಆಸೆಯನ್ನೂ ಹುಟ್ಟಿಸಬಾರದು, ಆಸೆ ಹುಟ್ಟಿದರೆ ಜನ ಬೇರೆ ಥರ ನಡೆದುಕೊಳ್ಳುತ್ತಾರೆ, ಲೆಕ್ಕ ಕೆಡುತ್ತದೆ. ನಮ್ಮೂರಿಗೆ ಬಸ್ಸು ಬರ್ತೈತೇನ್ರಿ ಎಂದು ಕೇಳಿಯೇ ಕೇಳುತ್ತಾರೆ, ಆಗ ಒಂದೇ ಉತ್ತರ: ಅದು ನಮ್ಮ ಕೈಯಾಗಿಲ್ರಿ. ಎಲ್ಲರೂ ಹೇಳ್ರಿ ಎಂದು ಅವನು ಶಾಲೆಯ ಮಾಸ್ತರನ ಹಾಗೆ ಬೆರಳೆತ್ತಿದ್ದ. ಎಲ್ಲರೂ ಒಟ್ಟಿಗೆ ಹೇಳಿದ್ದರು.

ಅದೇ ಮಾತು ಹೋದ ಶ್ರಾವಣದಲ್ಲಿ ಧಾರವಾಡದ ಆಸ್ಪತ್ರೆಯಲ್ಲಿ ತಾನಾಗಿ ಅವನ ಬಾಯಿಗೆ ಬಂದಿತ್ತು. ಅವ್ವ, ಗೋಪಿಕಾಬಾಯಿ, ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದವಳು, ದಿನಾ ಮುಂಜಾನೆ ಅದನ್ನೇ ಕೇಳುತ್ತಿದ್ದಳು. “ಧೀರೂ, ಮನಿಗೆ ಯಾವಾಗ ಹೋಗೋಣೋ?” “ಅದು ನನ್ನ ಕೈಯಾಗಿಲ್ಲವ್ವಾ.” “ಮತ್ತ ಯಾರ ಕೈಯಾಗದ?” ಅವ್ವನಿಗೆ ಜಗಳವಾಡುವ ಶಕ್ತಿ ಇರಲಿಲ್ಲ, ತಿಳಿದುಕೊಳ್ಳುವ ಸಲುವಾಗಿಯೇ ಕೇಳಿದ್ದಳು. ಅವನು ಡಾಕ್ಟರನ್ನು ಹೊರಗೆ ಕರೆದು, ಈ ವಯಸ್ಸಿನವರಲ್ಲಿ ಈ ಕಾಯಿಲೆಯಿಂದ ಶೇಕಡಾ ಎಷ್ಟು ಜನ ಉಳಿಯುತ್ತಾರೆ ಎಂದು ಕೇಳಿದ್ದ. ಡಾಕ್ಟರ ಅವನನ್ನು ಸ್ವಲ್ಪ ಹೊತ್ತು ನೋಡಿ, “ಒಳಗ ಹೋಗಿ ಅವರ ಕೂಡ ಕುಂದರ್ರಿ” ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದ. ನರ್ಸು ಕೇಳಿಸಿಕೊಂಡಿದ್ದಳು. ಆ ನಾಚಿಕೆ ಇನ್ನೂ ಕಿವಿಯ ಹಿಂದೆ ಬಿಸಿಯಾಗಿ ಉಳಿದಿತ್ತು. ಅವ್ವ ಮನೆಗೆ ಹೋಗಲಿಲ್ಲ. ಆದರೆ ಆಗ ತಾನು ಹೇಳಿದ್ದು ಸುಳ್ಳಾಗಿರಲಿಲ್ಲ ಎಂದುಕೊಳ್ಳುವ ಹೊತ್ತಿಗೆ ಹುಲಗೂರಿನ ದರ್ಗಾದ ಗುಮ್ಮಟ ಕಂಡಿತು, ಕಾರು ನಿಂತಿತು.

ಚಾಂದಬಿಯ ಮನೆ ದರ್ಗಾದ ಕಟ್ಟೆಗೆ ಎದುರು. ಗಾದಿ ಹೊಲಿಯುವವರ ಮನೆ. ಬಾಗಿಲೊಳಗೆ ಅರಳೆಯ ಮೂಟೆಗಳು, ಗಾಳಿಯಲ್ಲಿ ನೂಲಿನೆಳೆ. ಮಗ ಖಾದರಸಾಬ ಮದುವೆ ದಿನಗಳಲ್ಲಿ ಅರಳೆ ಬಿಡಿಸುವ ಮಷೀನನ್ನು ಮೂರು ಗಾಲಿಯ ಟಂಟಂನಲ್ಲಿ ಹೇರಿಕೊಂಡು ಹಾನಗಲ್ಲ, ಹಿರೇಕೆರೂರ ಕಡೆ ಊರೂರು ತಿರುಗುತ್ತಾನೆ, ವಾರಗಟ್ಟಲೆ ಬರುವುದಿಲ್ಲ. ಸೊಸೆ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಮುದುಕಿ ಚಾಂದಬಿ ಮತ್ತು ಮೊಮ್ಮಗಳು ಮದಿಹಾ, ಶಿಗ್ಗಾವಿಯಲ್ಲಿ ಬಿಎಸ್ಸಿ ಎರಡನೇ ವರ್ಷ. ಚಾಂದಬಿ ಅವನನ್ನು ಕಂಡ ಕೂಡಲೇ ಗುರುತು ಹಿಡಿದಳು. “ಬರ್ರಿ ಸರ, ಚೀಟಿ ಎತ್ತಿಸಿದವರಲ್ಲ ನೀವು? ಕುಂದರ್ರಿ.” ಚೀಟಿ ಎತ್ತಿದ ದಿನ ಅವಳು ಶಿಗ್ಗಾವಿಯ ಸಭಾಭವನಕ್ಕೆ ಊರ ಹೆಂಗಸರ ಜೊತೆ ಬಂದಿದ್ದಳು. ಹುಲಗೂರಿನ ಹೆಸರು ಬರದಿದ್ದಾಗ ಉಳಿದ ಊರಿನವರು ಮುಖ ಸಣ್ಣ ಮಾಡಿಕೊಂಡು ಎದ್ದು ಹೋದರೂ ಇವಳು ಮಾತ್ರ ಹತ್ತಿಮತ್ತೂರಿನವರಿಗೆ ಚಪ್ಪಾಳೆ ತಟ್ಟಿ, ಅವನ ಹತ್ತಿರ ಬಂದು, “ಮುಂದಿನ ಸಲ ನಮ್ಮ ಪಾಳಿ ಅಲ್ರಿ?” ಎಂದು ಕೇಳಿದ್ದಳು. ಅವಳ ಓಣಿಯಲ್ಲಿ, ತಿಂಗಳಿಗಿಷ್ಟು ಎಂದು ಹಣ ಕೂಡಿಸಿ ಒಬ್ಬೊಬ್ಬರಿಗೆ ಕೊಡುವ ಹೆಂಗಸರ ಭಿಶಿ ನಡೆಯುತ್ತಿತ್ತು. ಭಿಶಿಯಲ್ಲಿಯೂ ಚೀಟಿ ಎತ್ತುತ್ತಾರೆ, ಆದರೆ ಅಲ್ಲಿ ಒಮ್ಮೆ ಬಂದವರ ಹೆಸರನ್ನು ಮತ್ತೆ ಡಬ್ಬಿಗೆ ಹಾಕುವುದಿಲ್ಲ, ಕಡೆಗೆ ಒಬ್ಬರೂ ಉಳಿಯದಂತೆ ಎಲ್ಲರ ಪಾಳಿಯೂ ಬಂದೇ ಬರುತ್ತದೆ. ತನ್ನ ಚೀಟಿ ಆ ಜಾತಿಯದಲ್ಲ ಎಂದು ಹೇಳುವ ಬದಲು ಅವನು ಅವತ್ತು ನಕ್ಕಿದ್ದ. ಅವಳು ನಗೆಯನ್ನು ಹೌದೆಂದು ತೆಗೆದುಕೊಂಡು ಹೋಗಿದ್ದಳು.

ಅವತ್ತು ಕಾಲೇಜಿಗೆ ಹೋಗದೆ ಮನೆಯಲ್ಲೇ ಉಳಿದಿದ್ದ ಮದಿಹಾ ಚಹಾ ತಂದಿಟ್ಟಳು. ಹಾಲವ್ವ ಟ್ಯಾಬು ತೊಡೆಯ ಮೇಲಿಟ್ಟುಕೊಂಡು ಓದುತ್ತ ಹೋದಳು. ಮನೆಯಲ್ಲಿ ಯಾರು ಯಾರು, ಏನು ಕೆಲಸ, ಯಾರು ಎಲ್ಲಿ ಓದುತ್ತಾರೆ. “ಈ ಮನಿಯಾಗ ಕಾಲೇಜು ಬಿಟ್ಟವರು ಯಾರರ ಅದಾರೇನ್ರಿ ಅಮ್ಮಾ?” ಚಾಂದಬಿ ಮೊಮ್ಮಗಳ ಮುಖ ನೋಡಿದಳು. “ಇವತ್ತಿಗೆ ಇಲ್ಲಂತ ಬರಕೋರಿ” ಎಂದಳು. ಹಾಲವ್ವನ ಬೆರಳು ಟ್ಯಾಬಿನ ಮೇಲೆ ನಿಂತಿತು. “ಇವತ್ತಿಗೆ ಅಂದ್ರ?” “ಇವತ್ತಿಗೆ ಅಂದ್ರ ಇವತ್ತಿಗೆ. ಸಂಜಿಕ ಗಾರ್ಮೆಂಟ್ ಕಂಪನಿಯವ ಬರ್ತಾನ. ಅವರ ವ್ಯಾನ್ ಮುಂಜಾನೆ ಬಾಗಿಲಿಂದ ಕರಕೊಂಡು ಹೋಗ್ತೈತಿ, ಸಂಜಿಕ ಬಾಗಿಲಿಗೆ ತಂದು ಬಿಡ್ತೈತಿ. ಒಂದ ಸೀಟ್ ಉಳದೈತಂತ, ಹೆಸರು ಕೊಟ್ರ ನಾಳೆನ ಕಾಲೇಜಿನಿಂದ ದಾಖಲೆ ತಗಿಸಿ ಅವರ ಕೈಯಾಗ ಕೊಡಬೇಕು.” “ದಾದಿ, ಅದನ್ನೆಲ್ಲ ಇವರಿಗೆ ಯಾಕ” ಎಂದಳು ಮದಿಹಾ ಅಜ್ಜಿಗೆ ಮೆಲ್ಲಗೆ. “ಯಾಕಂದ್ರ ಇವರೇ ಬಸ್ಸಿನವರು.”

ಮುದುಕಿ ಅವನ ಕಡೆ ತಿರುಗಿ ಕೂತಳು. ದೂರು ಹೇಳುವವಳ ದನಿ ಅದಾಗಿರಲಿಲ್ಲ, ನೆರೆಮನೆಯವರಿಗೆ ಕಷ್ಟಸುಖ ಹೇಳಿದಂತೆ ಹೇಳಿದಳು. “ಅಕಿ ಲ್ಯಾಬ್ ಮುಗಿಯೂದ್ರಾಗ ನಾಕರ ಬಸ್ಸು ಹೋಗಿರತೈತ್ರಿ. ಮುಂದಿನ್ದು ಎಂಟಕ್ಕ. ಅಲ್ಲೀತನ ಸ್ಟ್ಯಾಂಡಿನಾಗ ಕುಂದರಬೇಕು, ಇಲ್ಲಿ ಬಂದು ಇಳಿಯೂದ್ರಾಗ ಊರು ಮಲಗಿರತೈತಿ. ಖಾದರ ಇದ್ರ ಅಂವ ಹೋಗಿ ನಿಂದರತಾನ. ಇಲ್ಲಂದ್ರ ನಾ ನಿಂದರತೇನಿ. ನನಗ ಕತ್ತಲಾತಂದ್ರ ಏನೂ ಕಾಣಂಗಿಲ್ರಿ. ಇಳದವರು ಯಾರಂತ ತಿಳಿಯಂಗಿಲ್ಲ, ಅಕಿನ ಬಂದು ಕೈ ಹಿಡೀಬೇಕು. ಕಾಯಾಕ ಹ್ವಾದಾಕಿನ್ನ ಅಕಿ ಕರಕೊಂಡು ಬರ್ತಾಳ. ಹೋದ ತಿಂಗಳು ಗಟಾರದಾಗ ಬಿದ್ದೆ.” ತನ್ನ ಬೀಳುವಿಕೆಗೆ ತಾನೇ ನಕ್ಕಳು. ಮದಿಹಾ ನಗಲಿಲ್ಲ. ಅವಳು ಧೀರೇಂದ್ರನನ್ನು ನೇರವಾಗಿ ನೋಡಿ, “ಸರ, ನಾವು ಕಂಟ್ರೋಲ್ ಗುಂಪೇನ್ರಿ?” ಎಂದಳು. ಅವನು ಕಪ್ಪು ಕೆಳಗಿಟ್ಟ. “ಸ್ಟ್ಯಾಟಿಸ್ಟಿಕ್ಸ್ ಐತ್ರಿ ನಂದು. ಈ ಸೆಮಿಸ್ಟರ್‌ನಾಗ ಅದ ಪಾಠ ನಡದೈತಿ. ಒಂದು ಗುಂಪಿಗೆ ಔಷಧ ಕೊಡೂದು, ಇನ್ನೊಂದಕ್ಕ ಕೊಡದ ಹಂಗ ಬಿಟ್ಟು ನೋಡೂದು. ಮೇಡಮ್ಮರು ಹೇಳಿಕೊಡೂ ಮುಂದ ನನಗ ನಮ್ಮೂರ ನೆನಪಾತು.” ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಪಾಠ ಅರ್ಥವಾದ ವಿದ್ಯಾರ್ಥಿಯ ಸಣ್ಣ ಹೆಮ್ಮೆ ಮಾತ್ರ ಇತ್ತು, ಅವನು ಎಷ್ಟೋ ವರ್ಷ ತರಗತಿಗಳಲ್ಲಿ ಹುಡುಕಿದ್ದು ಅದನ್ನೇ. ಹೌದಮ್ಮ, ಎಂದ. ಹಾಲವ್ವ ಟ್ಯಾಬಿನಿಂದ ತಲೆಯೆತ್ತಿ ಅವನನ್ನು ನೋಡಿದಳು.

“ಅಂದ್ರ ಸರ” ಎಂದಳು ಚಾಂದಬಿ, “ನಾ ಒಂದ ಮಾತು ಕೇಳ್ತೇನ್ರಿ. ಬಸ್ಸು ಬರೂದಿದ್ರ ಆ ಕಂಪನಿಯವಗ ಇಲ್ಲಂತ ಹೇಳಿ ಕಳಸ್ತೇನಿ. ಬರಂಗಿಲ್ಲಂದ್ರ ಹೆಸರು ಕೊಡ್ತೇನಿ. ಎರಡರಾಗ ಒಂದು. ನಮ್ಮ ಪಾಳಿ ಯಾವಾಗ್ರಿ?” ಹೊರಗೆ ದರ್ಗಾದ ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ಸೋಮವಾರ ಎಂಬ ಮಾತು ಅವನ ಬಾಯಲ್ಲಿಯೇ ಇತ್ತು, ಮುಂಜಾನೆಯಿಂದ ನುಂಗದೆ ಉಳಿದದ್ದು. ಆದರೆ ಸೋಮವಾರ ಎನ್ನಬೇಕಾದರೆ ಮೊದಲು ಪ್ರಶಾಂತನಿಗೆ ಹೂಂ ಎನ್ನಬೇಕು, ಹೂಂ ಎಂದರೆ ಚುಕ್ಕಿ ಹೋಗುತ್ತದೆ, ಎರಡು ವರ್ಷ ಹೋಗುತ್ತದೆ, ನೂರಾರು ಊರಿನ ಬಸ್ಸು ಹೋಗುತ್ತದೆ. ಇಷ್ಟನ್ನೂ ಯೋಚಿಸಿ ಇಲ್ಲ ಎಂದಿದ್ದರೆ ಅದು ಬೇರೆ ಮಾತಾಗುತ್ತಿತ್ತು. ಅವನು ಯೋಚಿಸಲಿಲ್ಲ. ಹಾಲವ್ವ ನೋಡುತ್ತಿದ್ದಳು, ತಾನೇ ಹೇಳಿಕೊಟ್ಟ ನಿಯಮವನ್ನು ತಾನೇ ಮುರಿದರೆ ಇವಳೆದುರು ಏನಾಗುತ್ತದೆ ಎಂಬ ಹಾಳು ಮರ್ಯಾದೆಯೊಂದೇ ಆ ಗಳಿಗೆಯಲ್ಲಿ ಇತ್ತು. ಬಾಯಿ ತಾನಾಗಿ ತೆರೆಯಿತು. “ಅದು ನಮ್ಮ ಕೈಯಾಗಿಲ್ರಿ ಅಮ್ಮಾ.”

“ಹಂಗೇನ್ರಿ” ಎಂದಳು ಚಾಂದಬಿ. ಅವ್ವನ ಹಾಗೆ ಮತ್ತ ಯಾರ ಕೈಯಾಗೈತಿ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ ಎಂದು ಆಮೇಲೆ ಬಹಳ ಸಲ ಅನ್ನಿಸಿತು ಅವನಿಗೆ. ಅವಳು ಅವನನ್ನು ನಂಬಿದಳು. ಮದಿಹಾ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು, ಒಳಗಿನಿಂದ ನೀರು ಸುರಿಯುವ ಸಪ್ಪಳ ಬಂತು. ಹಾಲವ್ವ ಉಳಿದ ಪ್ರಶ್ನೆಗಳನ್ನು ಓದಿ ಮುಗಿಸಿದಳು. ಮನೆಯಲ್ಲಿ ಫ್ಯಾನು ಇದೆಯೇ, ಫ್ರಿಜ್ಜು ಇದೆಯೇ, ಗೋಡೆ ಮಣ್ಣಿನದೋ ಇಟ್ಟಂಗಿಯದೋ.

ಮುಂದಿನ ಮನೆಗಳಿಗೆ ಅವನು ಹೋಗಲಿಲ್ಲ. ತಲೆ ನೋಯುತ್ತಿದೆ ಎಂದು ಹೇಳಿ ದರ್ಗಾದ ಕಟ್ಟೆಯ ಮೇಲೆ ಕೂತ. ಶುಕ್ರವಾರ ಮಧ್ಯಾಹ್ನದ ಜುಮ್ಮಾ ನಮಾಜಿಗೆ ಬಂದವರು ಬಂದು ಹೋದರು, ಒಬ್ಬಾತ ನೀರು ಬೇಕೇನ್ರಿ ಎಂದು ಕೇಳಿ ತಂದುಕೊಟ್ಟ. ಸವಣೂರಿನಲ್ಲಿ ಸಣ್ಣವನಿದ್ದಾಗ ಅಪ್ಪನ ಹತ್ತಿರ ಪಾಠಕ್ಕೆ ಬರುವವರು ಮಠದ ಕಟ್ಟೆಯ ಮೇಲೆ ಹೀಗೇ ಕೂತಿರುತ್ತಿದ್ದರು. ಅಪ್ಪ ಕೇಳಿದ್ದಕ್ಕಷ್ಟೇ ಉತ್ತರ ಹೇಳುವ ಮನುಷ್ಯ, ಕೇಳದ್ದನ್ನು ಹೇಳುವುದು ವಿದ್ಯೆಗೆ ಅವಮಾನ ಎಂದು ತಿಳಿದವನು. ಇವಳು ಕೇಳಿದ್ದಳಲ್ಲ, ಎಂದುಕೊಂಡ ಧೀರೇಂದ್ರ. ಕೇಳಿದ್ದಳು, ಬಾಯಿಬಿಟ್ಟು ಕೇಳಿದ್ದಳು. ಎದುರು ಮನೆಯ ಬಾಗಿಲಲ್ಲಿ ಚಾಂದಬಿ ಹಳೇ ಗಾದಿಯೊಂದನ್ನು ಬಿಚ್ಚಿ ಅರಳೆ ಹಿಂಜುತ್ತ ಕೂತಿದ್ದಳು, ನಡುನಡುವೆ ತಲೆಯೆತ್ತಿ ಇವನ ಕಡೆ ನೋಡಿ ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಿದ್ದಳು. ನೂರಾರು ಊರು, ನೂರಾರು ಊರು ಎಂದು ಅವನು ತನಗೆ ಹೇಳಿಕೊಂಡ. ಆ ಊರುಗಳಲ್ಲಿ ಒಂದಾದರೂ ಕಣ್ಣಿಗೆ ಬರಲಿ ಎಂದು ನೋಡಿದರೆ ಬರೀ ಬೆಂಗಳೂರಿನ ಒಂದು ಮೀಟಿಂಗಿನ ಕೋಣೆ, ತಣ್ಣನೆಯ ಗಾಳಿ, ಪರದೆಯ ಮೇಲೆ ಚುಕ್ಕಿ, ಯಾರೋ ಕುರ್ಚಿ ಮುಂದಕ್ಕೆಳೆದು ತನ್ನ ಹೆಸರು ಹೇಳುವುದು ಕಂಡಿತು. ಅದನ್ನು ಕಂಡು ಅಸಹ್ಯವಾಯಿತು. ಬಿಸಿಲು ಗುಮ್ಮಟದ ಆಚೆ ಸರಿದಾಗ ಫೋನು ತೆಗೆದ. “ಪ್ರಶಾಂತ ಅವರ, ಹುಲಗೂರಿಗೆ ಬಿಡ್ರಿ.” “ಖರೇನ ಬಿಡ್ಲೇನ್ರಿ ಸರ?” “ಹೂಂ. ಸೋಮವಾರದಿಂದ.” ಎಷ್ಟು ಸುಲಭವಾಗಿತ್ತು ಅದು.

ಈಗ ಎದ್ದು ಎದುರಿನ ಬಾಗಿಲಿಗೆ ಹೋಗಿ ಹೇಳಬೇಕಿತ್ತು. ಎದ್ದು ನಿಂತ ಕೂಡ. ಹೋಗಿ ಏನೆಂದು ಹೇಳುವುದು? ಈಗ ಬಸ್ಸು ಬಂತು ಎಂದರೆ, ಈಗ ಹ್ಯಾಂಗ ಬಂತ್ರಿ ಎಂದು ಕೇಳುತ್ತಾಳೆ. ಮುಂಜಾನೆಯೇ ನನ್ನ ಕೈಯಲ್ಲಿತ್ತು, ಇಲ್ಲವೆಂದು ಹೇಳಿದೆ ಎನ್ನಬೇಕು. ಮೊಮ್ಮಗಳು ಅಲ್ಲೇ ನಿಂತಿರುತ್ತಾಳೆ, ಪಾಠ ಅರ್ಥವಾದ ಆ ಮುಖ ಇಟ್ಟುಕೊಂಡು. ಹಾಲವ್ವನೂ ಬರುತ್ತಾಳೆ. ಬೇಡ, ಸೋಮವಾರ ಬಸ್ಸೇ ಬಂದು ಹೇಳಲಿ, ಯಾರ ಹೆಸರೂ ಬೇಡ, ಮಾಡಿದ್ದು ಹೇಳಿಕೊಳ್ಳಬಾರದು ಎಂದೆಲ್ಲ ತನ್ನ ಹೇಡಿತನಕ್ಕೆ ಒಳ್ಳೆಯ ಅಂಗಿ ತೊಡಿಸಿದ. ಕಂಪನಿಯವ ಬಂದರೂ ಇವತ್ತು ಬರೀ ಹೆಸರು ಬರೆದುಕೊಳ್ಳುತ್ತಾನೆ, ಹೆಸರು ಹೊಡೆದು ಹಾಕಿಸಿದರಾಯಿತು, ಮುದುಕಿ ಇನ್ನೆರಡು ದಿನ ವಿಚಾರ ಮಾಡದೆ ಇರುತ್ತಾಳೆಯೇ. ಇಳಿಹೊತ್ತಿನ ಅಸರ್ ನಮಾಜಿನ ಕೂಗು ಎದ್ದಿತು. ಹಾಲವ್ವ ಓಣಿಯ ತುದಿಯಿಂದ ಬಂದು, ಮುಗೀತ್ರಿ ಸರ ಎಂದಳು. ಕಾರು ಊರ ಅಗಸಿಬಾಗಿಲು ದಾಟುವಾಗ ಎದುರಿನಿಂದ ಒಂದು ಬಿಳಿ ವ್ಯಾನು ಬಂತು, ದಾರಿ ಇಕ್ಕಟ್ಟಾಗಿದ್ದರಿಂದ ಡ್ರೈವರ್ ಪಕ್ಕಕ್ಕೆ ಸರಿಸಿ ಅದಕ್ಕೆ ದಾರಿ ಬಿಟ್ಟ.

ಶನಿವಾರ, ರವಿವಾರ ಅವನು ಧಾರವಾಡದಲ್ಲಿ ಹುಲಗೂರನ್ನು ತೆಗೆದು ಲೆಕ್ಕವನ್ನು ಮತ್ತೆ ಮತ್ತೆ ಹಾಕಿದ. ಬೇರೆ ಬೇರೆ ವಿಧಾನ ಹಚ್ಚಿದ, ತಾಲೂಕುಗಳನ್ನು ಬೇರೆ ಮಾಡಿದ, ಕೂಡಿಸಿದ. ಚುಕ್ಕಿ ಬರಲಿಲ್ಲ. ದುಃಖವಾಯಿತು, ಜೊತೆಗೆ ಒಂದು ಬಗೆಯ ಸಮಾಧಾನವೂ. ತಾನು ತೆತ್ತಿದ್ದೇನೆ, ಒಂದು ಹುಡುಗಿಯ ಸಲುವಾಗಿ ಎರಡು ವರ್ಷ ತೆತ್ತಿದ್ದೇನೆ ಎಂಬ ಭಾವನೆ ಬೆಚ್ಚಗಿತ್ತು. ಅವ್ವನ ಫೋಟೋಕ್ಕೆ ದೀಪ ಹಚ್ಚುವಾಗ ಅವಳ ಕಣ್ಣನ್ನೇ ನೋಡಿದ. ಸೋಮವಾರ ತಾನೇ ಆ ಬಸ್ಸಿನಲ್ಲಿ ಹೋಗಿಬರೋಣ ಎನ್ನಿಸಿತು. ಯಾರಿಗ್ಗೊತ್ತು, ಇಳಿಯುವಾಗ ಆ ಹುಡುಗಿ ಕಂಡರೆ, ಏನಮ್ಮಾ, ಪಾಠ ಎಲ್ಲಿಗೆ ಬಂತು ಎಂದು ಕೇಳಬಹುದು.

ಶಿಗ್ಗಾವಿಯಲ್ಲಿ ಬಸ್ಸು ಹತ್ತಿದಾಗ ಕಾಲೇಜಿನ ಹುಡುಗಿಯರು ಕೂತಿದ್ದರು, ಹೊಸ ಬಸ್ಸಿನ ಸಂಭ್ರಮದಲ್ಲಿ ಕಿಡಕಿಗೆ ಜಗಳವಾಡುತ್ತಿದ್ದರು. ಒಂದೊಂದೇ ಮುಖ ನೋಡುತ್ತ ಹಿಂದಿನ ಸೀಟಿನವರೆಗೆ ಹೋದ. ಒಬ್ಬ ಹುಡುಗಿ ದುಪ್ಪಟ್ಟಾ ಸರಿಪಡಿಸಿಕೊಂಡು ಪಕ್ಕದವಳಿಗೆ ಏನೋ ಅಂದಳು, ಅವರಿಬ್ಬರೂ ಅವನನ್ನು ಕೆಕ್ಕರಿಸಿ ನೋಡಿದರು. ನರೆತ ತಲೆಯ ಧೀರೇಂದ್ರ ನಾಚಿಕೆಯಿಂದ ಮುಂದೆ ಬಂದು ಕೂತ. ಮದಿಹಾ ಇರಲಿಲ್ಲ. ಲ್ಯಾಬು ತಡವಾಗಿರಬಹುದು, ಜ್ವರ ಬಂದಿರಬಹುದು, ಇಂಥ ಒಂದು ದಿನದ ಗೈರುಹಾಜರಿಯಿಂದ ಯಾವ ತೀರ್ಮಾನವನ್ನೂ ಮಾಡಕೂಡದು ಎಂದು ವಿದ್ಯಾರ್ಥಿಗಳಿಗೆ ಹೇಳುವವನು ತಾನೇ ಅಲ್ಲವೇ. ಕಂಡಕ್ಟರ ಹುಡುಗಿಯರಿಗೆಲ್ಲ ಮಾಫಿ ಟಿಕೀಟು ಕೊಟ್ಟು, ದುಡ್ಡನ್ನು ಅವನೊಬ್ಬನಿಂದಲೇ ತೆಗೆದುಕೊಂಡ.

ಹುಲಗೂರಿನಲ್ಲಿ ಅರ್ಧ ಊರು ಸ್ಟ್ಯಾಂಡಿನಲ್ಲಿತ್ತು. ಬಸ್ಸಿಗೆ ಹಾರ ಹಾಕಿದರು, ಒಬ್ಬ ಕಾಯಿ ಒಡೆದ, ಇನ್ನೊಬ್ಬ ಸಕ್ಕರೆ ಹಂಚಿದ. ಶಿಗ್ಗಾವಿಯಲ್ಲಿ ಪ್ರಶಾಂತ ಅವನನ್ನು ಬಸ್ಸಿನ ಡ್ರೈವರನಿಗೆ ತೋರಿಸಿದ್ದ. ಡ್ರೈವರ್ ಇಳಿದು ನಿಂತು, ಡಿಪೋದಲ್ಲಿ ಕೇಳಿದ್ದನ್ನು ತಾನೇ ಕಂಡಂತೆ ಎಲ್ಲರಿಗೂ ಹೇಳುತ್ತಿದ್ದ. ಧಾರವಾಡದ ಸರ ಒಬ್ಬರು ಶುಕ್ರವಾರ ಫೋನಿನಾಗ ಒಂದ ಮಾತು ಹೇಳಿದ್ದಕ್ಕ ಗಾಡಿ ಬಂತ್ರಿ, ಅಗೋ ಅವರ. ಜನ ತಿರುಗಿದರು, ಯಾರೋ ಅವನ ಅಂಗೈಯಲ್ಲಿ ಸಕ್ಕರೆ ಇಟ್ಟರು. ಜನರ ನಡುವಿನಿಂದ ಚಾಂದಬಿ ಬಂದಳು, ಕಟ್ಟಿಗೆಯ ಕೋಲು ಹಿಡಿದು, ನೆಲ ನೋಡುತ್ತ. ಇನ್ನೂ ಬೆಳಕಿತ್ತು.

“ಡ್ರೈವರ್ ಹೇಳೂದು ಖರೇನ್ರಿ ಸರ?”

“ಖರೇ ಅಮ್ಮಾ.”

“ಶುಕ್ರವಾರ ಯಾವ ಹೊತ್ತಿನಾಗ ಹೇಳಿದ್ರಿ? ಆ ವ್ಯಾನಿನವ ಬರೂಕಿಂತ ಮದಲೋ, ಆಮ್ಯಾಲೋ?”

“ಮೊದಲ” ಎಂದ. ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ.

ಚಾಂದಬಿ ಕೋಲೂರಿ ಇನ್ನೊಂದು ಹೆಜ್ಜೆ ಹತ್ತಿರ ಬಂದಳು. “ನೀವು ಕಟ್ಟಿ ಮ್ಯಾಲೆ ಕುಂತು ಫೋನ್ ಮಾಡಿದ್ದು ನಾ ನೋಡಿದ್ನಿ. ಮನಿಗೆ ಮಾಡಾಕತ್ತಾರ, ಪಾಪ, ಹೆಂಡ್ತಿ ಮಕ್ಕಳಿಗೆ ಅನ್ಕೊಂಡೆ. ಆಮ್ಯಾಲೆ ಎದ್ದು ನಿಂತ್ರಿ. ನಮ್ಮ ಕಡೆ ಬರ್ತಾರೇನೋ ಅಂತ ಹಾಸಿದ ಅರಳಿ ಬಾಜು ಸರಿಸಿದೆ.” ದನಿ ಏರಲಿಲ್ಲ. “ಶನಿವಾರ ದಾಖಲೆ ತಗಿಸ್ಕೊಂಡು ಬಂದ್ವಿ. ಕಂಪನಿಯವರು ಇಟ್ಕೊಂಡಾರ, ವರ್ಷ ತುಂಬೂತನ ಕೊಡಂಗಿಲ್ಲಂತ. ಇವತ್ತ ಬಸ್ಸಿನ ಸುದ್ದಿ ತಿಳದ ಕೂಡ್ಲೆ ಕಾಲೇಜಿಗೆ ಫೋನ್ ಮಾಡಿಸಿದೆ. ಒಮ್ಮೆ ಹೆಸರು ತಗದ್ರ ಈ ವರ್ಷ ಮತ್ತ ಹಚ್ಚಂಗಿಲ್ಲಂದ್ರು.” ಕೋಲಿನಿಂದ ನೆಲವನ್ನು ಎರಡು ಸಲ ತಟ್ಟಿದಳು. “ಎದುರಿಗೇ ಬಾಗಿಲಿತ್ತಲ್ರಿ ಸರ. ನಾ ಕೇಳಿದ್ನಲ್ರಿ.”

ಅವನಿಗೆ ಅಳು ಬಂತು. ಅಂಗೈಯ ಸಕ್ಕರೆ ಬೆವರಿಗೆ ಕರಗಿ ಅಂಟುತ್ತಿತ್ತು. ತಪ್ಪಾತ್ರಿ ಎಂದ. ಚಾಂದಬಿ ಕೇಳಿಸಿಕೊಂಡಳೋ ಇಲ್ಲವೋ, “ಅಕಿ ಬರೂ ಹೊತ್ತಾತು” ಎಂದು ದಾರಿಯ ಕಡೆ ತಿರುಗಿದಳು. ವ್ಯಾನು ಬಾಗಿಲಿಗೇ ಬರುತ್ತದೆಂದು ಹೇಳಿದ್ದವಳು, ಇವತ್ತು ಬಸ್ಸು ಅಡ್ಡ ನಿಂತದ್ದರಿಂದ ಸ್ಟ್ಯಾಂಡಿನಲ್ಲೇ ಕಾದಳು. ಕತ್ತಲಾಗುತ್ತ ಬಂತು. ಬಿಳಿ ವ್ಯಾನು ಬಂದು ಜನರ ಹಿಂದೆ ನಿಂತಿತು, ಹುಡುಗಿಯರು ಇಳಿದರು. ಎಲ್ಲರ ಕೂದಲಲ್ಲಿ ಬಟ್ಟೆಯ ನೂಲಿನ ಚೂರು. ಮದಿಹಾ ಬಸ್ಸನ್ನು ನೋಡಿದಳು, ಹಾರ ನೋಡಿದಳು, ಆಮೇಲೆ ಅವನನ್ನು. ಅಜ್ಜಿಯಿಂದ ಬಸ್ಸಿನ ಸುದ್ದಿ ಅವಳಿಗೆ ಫೋನಿನಲ್ಲಿ ಗೊತ್ತಾಗಿತ್ತೆಂದು ಕಾಣುತ್ತದೆ, ಮುಖದಲ್ಲಿ ಆಶ್ಚರ್ಯವಿರಲಿಲ್ಲ. ದಣಿದಿದ್ದಳು.

“ಸರ” ಎಂದಳು, “ಬಸ್ಸು ಬಂತಲ್ರಿ, ಈಗ ನಮ್ಮೂರು ಯಾವ ಗುಂಪಿನಾಗ ಹೋಗ್ತೈತ್ರಿ?”

“ಯಾವುದ್ರಾಗೂ ಇಲ್ಲಮ್ಮ. ನಡುವ ಬಸ್ಸು ಬಂದ ಊರನ್ನ ಎಣಸೂ ಹಂಗಿಲ್ಲ. ತಗದುಬಿಡ್ತೇವಿ.”

ಅವಳು ತಲೆಯಾಡಿಸಿದಳು. ಅದು ಸರಿ, ಪುಸ್ತಕದಲ್ಲೂ ಹಾಗೇ ಇದೆ ಎನ್ನುವ ಹಾಗೆ. “ಹಂಗಾದ್ರ ನಾ ಕಾಲೇಜು ಬಿಟ್ಟಿದ್ದು ಎದ್ರಾಗೂ ಬರಂಗಿಲ್ಲೇನ್ರಿ?” ಎಂದು ಕೇಳಿದಳು.

ನಮ್ಮ ಕೈಯಾಗಿಲ್ಲ ಎಂಬ ಆ ಹಳೆಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಅದನ್ನು ಆಡಲಿಲ್ಲ. “ಬರಂಗಿಲ್ಲಮ್ಮ” ಎಂದ. ಮದಿಹಾ ಅಜ್ಜಿಯ ಹತ್ತಿರ ಹೋಗಿ ಕೈ ಹಿಡಿದಳು, ಚಾಂದಬಿ ಆ ಕೈಯನ್ನು ತಡವಿ ನೋಡಿ, ಬಂದ್ಯಾ ಎಂದಳು. ಇಬ್ಬರೂ ಗಟಾರದ ಅಂಚು ಬಿಟ್ಟು ದರ್ಗಾದ ಓಣಿಗೆ ಇಳಿದರು. ಅವನು ಬಸ್ಸು ಹತ್ತಿ, ಹುಡುಗಿಯರು ಜಗಳವಾಡಿದ್ದ ಕಿಡಕಿಯ ಹತ್ತಿರ ಕೂತ. ತಿರುಗಿ ಹೋಗುವವರು ಬೇರೆ ಯಾರೂ ಇರಲಿಲ್ಲ. ಕಂಡಕ್ಟರ ಬಾಗಿಲು ಎಳೆದುಕೊಂಡು, ಅವನನ್ನು ಸಮಾಧಾನಪಡಿಸುವವನ ಹಾಗೆ, “ಇನ್ನ ಮ್ಯಾಲೆ ದಿನಾ ಇದ ಹೊತ್ತಿಗೆ ಬರ್ತೈತ್ರಿ ಸರ” ಎಂದ.